ಹಿತ್ತಾಳೆ ಕಹಳೆಗೂ ಎಲ್‌ಪಿ ತಟ್ಟೆಗೂ ಏನು ನಂಟು?

ಹಳೆಯ ಹಾಡು ಎಂದ ಕೂಡಲೇ ಜನರ ಕಣ್ಣೆದುರು ಹಿತ್ತಾಳೆ ಕಹಳೆಯ ಗ್ರಾಮಫೋನೊಂದು ಬಂದು ನಿಲ್ಲುತ್ತದೆ. ಆರ್ಕೆಸ್ಟ್ರಾದವರ ಬ್ಯಾನರಿನಲ್ಲಿ ಅದೇ, ಮದುವೆ ಆಲ್ಬಮ್ಮಿನ ಹಿನ್ನೆಲೆಯಲ್ಲಿ ಅದೇ, ಪಿ.ಬಿ. ಶ್ರೀನಿವಾಸ್ ಹಾಡುಗಳ ಸಂಗ್ರಹಕ್ಕೆ ಹಾಕುವ ಚಿತ್ರದಲ್ಲೂ ಅದೇ. ಆ ಕಹಳೆಯ ಕೆಳಗೆ ತಿರುಗುತ್ತಿರುವುದು ಹೆಚ್ಚಿನ ಸಲ ಹನ್ನೆರಡು ಇಂಚಿನ ಎಲ್‌ಪಿ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಚಿತ್ರ ಚಿತ್ರವಾಗಿಯೇ ಉಳಿದಿದ್ದರೆ ಮಾತಿಲ್ಲ. ಅರವತ್ತರ ದಶಕದ ತಟ್ಟೆಯ ನಿಜವಾದ ಸವಿ ಸಿಗುವುದು ಚಾವಿ ಕೊಡುವ ಕಹಳೆ ಗ್ರಾಮಫೋನಿನಲ್ಲೇ, ಕರೆಂಟಿನ ಪ್ಲೇಯರಿನಲ್ಲಿ ಕೇಳುವುದು ಕಲಬೆರಕೆ ಎಂಬ ನಂಬಿಕೆ ಈಗ ಕೈಕಾಲು ಬಂದು ಓಡಾಡುತ್ತಿದೆ. ಕೊಡ್ಲಿಯಿಂದ ವಾಡಿಯವರೆಗೆ ಯಾವುದೋ ಮನೆಯ ಸಂದೂಕಿನಲ್ಲಿ ಅಜ್ಜನ ಕಾಲದ ತಟ್ಟೆಗಳು ಸಿಕ್ಕವು ಎಂದರೆ, ಮುಂಬಯಿಯಿಂದಲೋ ಹೈದರಾಬಾದಿನಿಂದಲೋ ಥಳಥಳಿಸುವ ಕಹಳೆಯೊಂದನ್ನು ತರಿಸಿಬಿಡಿ ಎಂಬ ಸಲಹೆ ಕೂಡಲೇ ಬರುತ್ತದೆ. ಐವತ್ತು ಅರವತ್ತು ವರ್ಷ ಧೂಳು, ಸೆಖೆ, ಇಲಿ ಎಲ್ಲವನ್ನೂ ತಾಳಿಕೊಂಡು ಬಂದ ತಟ್ಟೆಯನ್ನು ಒಂದೇ ಸಂಜೆಯಲ್ಲಿ ಹಾಳುಮಾಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕಹಳೆ ಧ್ವನಿಯನ್ನು ದೊಡ್ಡದು ಮಾಡುತ್ತದೆ ಎಂದು ತಿಳಿದಿರುವುದೇ ಮೂಲ ತಪ್ಪು. ಕಹಳೆ ಶಕ್ತಿಯನ್ನು ಹುಟ್ಟಿಸಲಾರದು. ಚಿಕ್ಕ ಪೊರೆಯೊಂದರ ನಡುಕವನ್ನು ಕೋಣೆಯ ಗಾಳಿಗೆ ಸೋರಿಕೆಯಿಲ್ಲದೆ ದಾಟಿಸುವುದಷ್ಟೇ ಅದರ ಕೆಲಸ. ಹಾಗಾದರೆ ಕೋಣೆ ತುಂಬುವಷ್ಟು ಶಬ್ದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಪೂರ್ತಿಯಾಗಿ ತಟ್ಟೆಯ ಗೀರಿನಿಂದ. ಸ್ಪ್ರಿಂಗಿನ ಬಲದಿಂದ ತಿರುಗುವ ತಟ್ಟೆಯ ಗೀರು ತನ್ನ ಅಂಕುಡೊಂಕಿನ ಗೋಡೆಗಳಿಂದ ಮುಳ್ಳನ್ನು ಅತ್ತಿತ್ತ ಒದೆಯಬೇಕು, ಮುಳ್ಳು ಸೌಂಡ್ ಬಾಕ್ಸಿನ ಪೊರೆಯನ್ನು ಎಳೆದಾಡಬೇಕು, ಆ ಪೊರೆ ಗಾಳಿಯನ್ನು ತಳ್ಳಬೇಕು. ಇಷ್ಟು ದುಡಿಮೆ ನಡೆಯುವಾಗ ಮುಳ್ಳು ಗೀರಿನಿಂದ ಹಾರಿಹೋಗಬಾರದು. ಅದಕ್ಕಾಗಿ ಅದರ ಮೇಲೆ ನೂರು ಗ್ರಾಮಿಗೂ ಮಿಕ್ಕಿದ ಭಾರ. ಕರೆಂಟಿನ ಪ್ಲೇಯರಿನಲ್ಲಿ ವ್ಯವಹಾರವೇ ಬೇರೆ. ಅಲ್ಲಿ ಗೀರು ಕೊಡಬೇಕಾದದ್ದು ಒಂದು ಸುಳಿವನ್ನು ಮಾತ್ರ. ಶಕ್ತಿ ಕೊಡುವುದು ಆಂಪ್ಲಿಫಯರು. ಅರವತ್ತರ ದಶಕದ ಸಾಧಾರಣ ಸೆರಾಮಿಕ್ ಪಿಕಪ್ಪಿಗೆ ಐದಾರು ಗ್ರಾಂ ಭಾರ ಸಾಕಾಗುತ್ತಿತ್ತು, ಈಗಿನ ಒಳ್ಳೆಯ ಪಿಕಪ್ಪಿಗೆ ಒಂದೂವರೆ ಎರಡು ಗ್ರಾಂ ಸಾಕು. ಈ ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಹಳತು ಹೊಸತರ ವ್ಯತ್ಯಾಸವಲ್ಲ. ತಟ್ಟೆಯಿಂದ ಅವು ಕೇಳುವ ದುಡಿಮೆಯೇ ಬೇರೆ ಬೇರೆ.

ನೂರು ಗ್ರಾಮಿನ ಭಾರವನ್ನು ತಾಳಿಕೊಳ್ಳಲೆಂದೇ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯನ್ನು, ಅಂದರೆ 78ರ ತಟ್ಟೆಯನ್ನು, ಮಾಡುತ್ತಿದ್ದರು. ಅದು ಅರಗಿನ ತಟ್ಟೆ ಎಂದು ಹೇಳುವುದು ವಾಡಿಕೆಯಾದರೂ ಅದರಲ್ಲಿ ಅರಗು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಕಲ್ಲಿನ ಪುಡಿ. ಸ್ಲೇಟು, ಸುಣ್ಣಕಲ್ಲು, ಬರೈಟಿಸ್‌ನಂಥ ಖನಿಜಗಳನ್ನು ಹಿಟ್ಟು ಮಾಡಿ ಅರಗಿನಲ್ಲಿ ಕಲಸಿ, ಕಾಯಿಸಿ, ಒತ್ತಿದರೆ ತಟ್ಟೆ. ಶಹಾಬಾದ್ ಪರಸಿ ಕಲ್ಲಿನ ಮೇಲೆ ನಡೆದು ಬೆಳೆದವರಿಗೆ ಸುಣ್ಣಕಲ್ಲಿನ ಪುಡಿ ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ವಿವರಿಸಬೇಕಾಗಿಲ್ಲ. ಆ ಉಜ್ಜುವ ಗುಣ ಬೇಕೆಂದೇ ಅದನ್ನು ಸೇರಿಸುತ್ತಿದ್ದದ್ದು. ಉಕ್ಕಿನ ಹೊಸ ಮುಳ್ಳನ್ನು ಇಟ್ಟರೆ, ತಟ್ಟೆಯ ಮೊದಲ ಕೆಲವು ಸುತ್ತುಗಳು ಅದರ ತುದಿಯನ್ನು ಅರೆದು ಗೀರಿನ ಆಕಾರಕ್ಕೆ ಒಗ್ಗಿಸುತ್ತಿದ್ದವು. ಹಾಡು ಮುಗಿಯುವ ಹೊತ್ತಿಗೆ ಮುಳ್ಳು ಸವೆದು ಉಳಿಯಂತೆ ಹರಿತವಾಗಿರುತ್ತಿತ್ತು. ಆದ್ದರಿಂದಲೇ ಒಂದು ಮುಳ್ಳು, ಒಂದು ಮಗ್ಗುಲು ಎಂಬ ನಿಯಮ. ಆದ್ದರಿಂದಲೇ ಮುಳ್ಳುಗಳು ನೂರು, ಇನ್ನೂರರ ಲೆಕ್ಕದಲ್ಲಿ ತಗಡಿನ ಪುಟ್ಟ ಡಬ್ಬಿಗಳಲ್ಲಿ ಮಾರಾಟವಾಗುತ್ತಿದ್ದದ್ದು. ಎಲ್‌ಪಿಯನ್ನು ಮಾಡುವ ವಿನೈಲ್ ಎಂಬುದು ಪ್ಲಾಸ್ಟಿಕ್ಕು. ಅದರಲ್ಲಿ ಕಲ್ಲಿಲ್ಲ, ಕಲ್ಲಿಲ್ಲದ್ದರಿಂದಲೇ ಅದರಲ್ಲಿ 78ರ ಕರಕರ ಸದ್ದೂ ಇಲ್ಲ. 78ರ ಮುಳ್ಳಿನ ತುದಿಯ ಅರ್ಧವ್ಯಾಸ ಸುಮಾರು 75 ಮೈಕ್ರಾನ್, ಮೋನೊ ಎಲ್‌ಪಿಗೆ ಬೇಕಾದದ್ದು 25 ಮೈಕ್ರಾನ್, ಸ್ಟೀರಿಯೊಗೆ ಇನ್ನೂ ಕಡಿಮೆ. ಮೂರು ಪಟ್ಟು ದಪ್ಪನೆಯ ಉಕ್ಕಿನ ಮೊಳೆಯನ್ನು ಇಪ್ಪತ್ತು ಪಟ್ಟು ಭಾರದೊಂದಿಗೆ ಮೆತ್ತನೆಯ ಗೀರಿನ ಮೇಲೆ ಎಳೆಯುವುದೆಂದರೆ ಮೊಳಕೆಯೊಡೆದ ತೊಗರಿ ಸಾಲಿನ ಮೇಲೆ ಟ್ರ್ಯಾಕ್ಟರ್ ಹಾಯಿಸಿದ ಹಾಗೆ. ಗೀರಿನ ಗೋಡೆಗಳಲ್ಲಿರುವ ಅತಿ ಸೂಕ್ಷ್ಮವಾದ ಅಲೆಗಳೇ ತಾರ ಧ್ವನಿಗಳು. ಮೊದಲು ಹೋಗುವುದು ಅವೇ. ಎಸ್. ಜಾನಕಿಯವರ ಧ್ವನಿಯ ಅಂಚು, ಪಿಟೀಲಿನ ಮಿಂಚು, ತಾಳದ ಕಿಣಿಕಿಣಿ ಒಂದೇ ಸಲಕ್ಕೆ ಸವೆಯುತ್ತವೆ. ಆಮೇಲೆ ಎಷ್ಟು ಬೆಲೆಯ ಪ್ಲೇಯರ್ ತಂದರೂ ಅವು ಮರಳಿ ಬರುವುದಿಲ್ಲ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತದೆ: ಅಂಗಡಿಯವನು ಎಲ್‌ಪಿಯನ್ನೇ ಹಾಕಿ ತೋರಿಸಿದನಲ್ಲ, ಹಾಡು ಬಂತಲ್ಲ? ಬರುತ್ತದೆ, ಖಂಡಿತ ಬರುತ್ತದೆ. ಮರದ ಕಡ್ಡಿ ಇಟ್ಟರೂ ಏನೋ ಒಂದು ಬರುತ್ತದೆ. ಪ್ರಶ್ನೆ ಬಂದದ್ದೇನು ಎಂಬುದು. ಚಾವಿ ಗ್ರಾಮಫೋನನ್ನು ನಿಮಿಷಕ್ಕೆ 78 ಸುತ್ತಿಗೆಂದೇ ಕಟ್ಟಿರುತ್ತಾರೆ. ವೇಗದ ತಿರುಪಿನಲ್ಲಿ ತುಸು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಅಷ್ಟೇ. 45ರ ಇಪಿಯನ್ನು 78ರಲ್ಲಿ ತಿರುಗಿಸಿದರೆ ಹಾಡು ಒಂದೂ ಮುಕ್ಕಾಲು ಪಟ್ಟು ವೇಗದಲ್ಲಿ ಓಡುತ್ತದೆ, ಶ್ರುತಿ ಮುಕ್ಕಾಲು ಸಪ್ತಕಕ್ಕೂ ಹೆಚ್ಚು ಮೇಲೇರುತ್ತದೆ. 33⅓ರ ಎಲ್‌ಪಿಯಾದರೆ ವೇಗ ಎರಡು ಪಟ್ಟಿಗೂ ಮಿಕ್ಕಿ, ಶ್ರುತಿ ಒಂದು ಪೂರ್ತಿ ಸಪ್ತಕವನ್ನೂ ದಾಟಿಹೋಗುತ್ತದೆ. ಪಿ.ಬಿ. ಶ್ರೀನಿವಾಸರ ಮಂದ್ರ ಮೃದುತ್ವಕ್ಕಾಗಿ ಹಂಬಲಿಸಿ ತಟ್ಟೆ ಕೊಂಡವರು ಇಲಿಮರಿಯ ಕಿಚಿಕಿಚಿಯನ್ನು ಕೇಳಿ "ಹಳೆಯದರ ಮಜವೇ ಬೇರೆ" ಎನ್ನುವುದುಂಟು. ಕೆಲವು ಹೊಸ ಕಹಳೆ ಯಂತ್ರಗಳ ಹೊಟ್ಟೆಯಲ್ಲಿ ಕರೆಂಟಿನ ಮೋಟಾರು, ಪುಟ್ಟ ಸ್ಪೀಕರು ಇರುತ್ತವೆ, ಮೂರು ವೇಗವೂ ಇರುತ್ತದೆ. ಅಲ್ಲಿ ಕಹಳೆ ಬರೀ ಅಲಂಕಾರ. ಅಂಥದ್ದರಲ್ಲಿ ಎಲ್‌ಪಿ ಸರಿಯಾಗಿಯೇ ಹಾಡುತ್ತದೆ. ಹಾಡಿಸುತ್ತಿರುವುದು ಕಹಳೆಯಲ್ಲ ಎಂಬುದಷ್ಟೇ ತಕರಾರು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅರವತ್ತರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ. ಜನ ಚಾವಿ ಗ್ರಾಮಫೋನಿನಲ್ಲೇ ಸಿನಿಮಾ ಹಾಡು ಕೇಳಿದ್ದಾರೆ. ಹಾಗಿರುವಾಗ ಇದನ್ನು ಸುಳ್ಳು ಎನ್ನುವುದು ಹೇಗೆ? ಕೇಳಿದ್ದಾರೆ, ನಿಜ. ಆದರೆ ಯಾವ ತಟ್ಟೆಯಲ್ಲಿ? ಅಮೆರಿಕದಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು 1948ರಲ್ಲಿ, ಆರ್‌ಸಿಎ ಕಂಪನಿ 45ರ ತಟ್ಟೆಯನ್ನು 1949ರಲ್ಲಿ ತಂದವು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಪಶ್ಚಿಮದಲ್ಲಿ 78 ಹೆಚ್ಚುಕಡಿಮೆ ಮುಗಿದ ಕಥೆ. ಭಾರತದಲ್ಲಿ ಮಾತ್ರ ಗ್ರಾಮಫೋನ್ ಕಂಪನಿ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಅರವತ್ತರ ದಶಕದ ಉದ್ದಕ್ಕೂ 78ರ ತಟ್ಟೆಗಳನ್ನು ಒತ್ತುತ್ತಲೇ ಇತ್ತು. ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ 78ರ ತಟ್ಟೆಯಲ್ಲಿ ಬಂದವು. ಇಂದು ಪರದೇಶದ ಸಂಗ್ರಾಹಕರು ಅವುಗಳಿಗಾಗಿ ಬಾಯಿ ಬಿಡುತ್ತಾರೆ. ಅದೇ ಕಾಲದಲ್ಲಿ ಅದೇ ಕಂಪನಿ ಇಪಿ, ಎಲ್‌ಪಿಗಳನ್ನೂ ಹೊರತರುತ್ತಿತ್ತು. ಒಂದೇ ಸರಕನ್ನು ಎರಡು ಬಗೆಯಲ್ಲಿ ಮಾಡಿ ಮಾರುವ ಖರ್ಚನ್ನು ಯಾವ ವ್ಯಾಪಾರಿ ಸುಮ್ಮನೆ ಹೊರುತ್ತಾನೆ? ಚಾವಿ ಪೆಟ್ಟಿಗೆ ಇಟ್ಟುಕೊಂಡವರಿಗೆ ವಿನೈಲ್ ತಟ್ಟೆ ಪ್ರಯೋಜನಕ್ಕೆ ಬಾರದು ಎಂದು ತಿಳಿದಿದ್ದರಿಂದಲೇ ಅವರ ಸಲುವಾಗಿ 78 ಉಳಿಯಿತು. ಹೀಗೆ, ಎದುರಾಳಿಗಳು ತಮ್ಮ ಪರವೆಂದು ಮುಂದಿಡುವ ಸಾಕ್ಷಿಯೇ ಅವರಿಗೆ ತಿರುಗಿಬೀಳುತ್ತದೆ. ಆ ಕಾಲದ ಕರೆಂಟಿನ ಪ್ಲೇಯರುಗಳನ್ನು ನೋಡಿದರೂ ಅದೇ ಮಾತು: ಪಿಕಪ್ಪಿನ ಮೂತಿಯಲ್ಲಿ ಪುಟ್ಟ ಕಡ್ಡಿಯೊಂದನ್ನು ತಿರುವಿದರೆ 78ರ ಮುಳ್ಳು ಮೇಲೆ ಹೋಗಿ ಎಲ್‌ಪಿಯ ಮುಳ್ಳು ಕೆಳಗೆ ಬರುತ್ತಿತ್ತು. ಅಂದಿನವರು ಎರಡನ್ನೂ ಬೆರೆಸಿರಲಿಲ್ಲ; ಬೆರೆಸಿದವರು ಇಂದಿನವರು.

ಇನ್ನು ಕಹಳೆಯ ವಿಷಯ. ಹೊರಗೆ ಚಾಚಿದ ಕಹಳೆ ಅರವತ್ತರ ದಶಕಕ್ಕೇ ಹಳೆಯ ಕಾಲದ ವಸ್ತುವಾಗಿತ್ತು. ಅಮೆರಿಕದ ವಿಕ್ಟರ್ ಕಂಪನಿ 1906ರಲ್ಲೇ ಕಹಳೆಯನ್ನು ಮಡಿಸಿ ಪೆಟ್ಟಿಗೆಯೊಳಗೆ ಅಡಗಿಸಿತ್ತು. ನಮ್ಮಲ್ಲಿ ಉಳ್ಳವರ ಮನೆಗಳಲ್ಲಿ ಬಹುಕಾಲ ಇದ್ದದ್ದು ಸೂಟ್‌ಕೇಸಿನಂತೆ ಮುಚ್ಚಿ ಎತ್ತಿಕೊಂಡು ಹೋಗಬಹುದಾದ ಚಾವಿ ಪೆಟ್ಟಿಗೆ. ಎಚ್‌ಎಂವಿಯ 102 ಎಂಬ ಪ್ರಸಿದ್ಧ ಮಾದರಿ ಬಂದದ್ದು 1931ರಲ್ಲಿ. ಇಂದು ಚೋರ್ ಬಜಾರಿನಲ್ಲಿ ಮೂಲ ಎಂದು ಮಾರುವ ಕಹಳೆ ಯಂತ್ರಗಳಲ್ಲಿ ಬಹಳಷ್ಟರ ಕಥೆ ಇಷ್ಟೇ: ಇಂಥದೊಂದು ಹಳೆಯ ಪೆಟ್ಟಿಗೆಯ ಕರುಳನ್ನು ಕಿತ್ತು, ಹೊಸದಾಗಿ ಮಾಡಿಸಿದ ಆರು ಇಲ್ಲವೆ ಎಂಟು ಮೂಲೆಯ ಮರದ ಡಬ್ಬಿಯಲ್ಲಿ ಕೂರಿಸಿ, ತೆಳು ಹಿತ್ತಾಳೆಯ ಹೊಸ ಕಹಳೆ ಸಿಕ್ಕಿಸಿ, ಎಚ್‌ಎಂವಿಯ ನಾಯಿಯ ಬಿಲ್ಲೆ ಅಂಟಿಸುವುದು. ಒಂದು ಒಳ್ಳೆಯ ಹಳೆಯ ಯಂತ್ರವನ್ನು ಕೊಂದು ಒಂದು ಕೆಟ್ಟ ಹೊಸ ಯಂತ್ರ ಮಾಡುವ ಈ ಕಸುಬಿಗೆ ಗಿರಾಕಿಗಳು ಎಂದೂ ಕಡಿಮೆಯಾಗಿಲ್ಲ. ಕಹಳೆಯೇ ಅಂದಿನ ಧ್ವನಿ ಎಂಬ ನೆನಪು ಹಿರಿಯರಲ್ಲಿ ಹೇಗೆ ಉಳಿಯಿತು ಎಂಬುದಕ್ಕೆ ಬಹುಶಃ ಬೇರೆಯದೇ ಕಾರಣವಿದೆ. ಶರಣಬಸವೇಶ್ವರ ಜಾತ್ರೆಯಲ್ಲಿ, ಮದುವೆ ಹಂದರದಲ್ಲಿ, ಟೂರಿಂಗ್ ಟಾಕೀಸಿನ ಟಿಕೆಟ್ ಕಿಟಕಿಯ ಮೇಲೆ ಹಾಡುತ್ತಿದ್ದದ್ದೂ ಕಹಳೆಯೇ. ಆದರೆ ಅದು ಮೈಕ್ ಸೆಟ್ಟಿನ ತಗಡಿನ ಸ್ಪೀಕರು; ಅದರ ಹಿಂದೆ ಬ್ಯಾಟರಿ, ಆಂಪ್ಲಿಫಯರು, ಕರೆಂಟಿನ ಪಿಕಪ್ಪು ಎಲ್ಲ ಇದ್ದವು. ಬೇವಿನ ಮರಕ್ಕೆ ಕಟ್ಟಿದ್ದ ಆ ಕಹಳೆಯೇ ನೆನಪಿನಲ್ಲಿ ಬಣ್ಣ ಬದಲಿಸಿ ಹಿತ್ತಾಳೆಯದಾಗಿರಬೇಕು.

ಚಾವಿ ಪೆಟ್ಟಿಗೆಯನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ತಟ್ಟೆಗೆ ಆ ಕಾಲದ ಯಂತ್ರ ಸಲ್ಲುತ್ತದೆ. ಮೂರು ಚಿಲ್ಲರೆ ನಿಮಿಷದಲ್ಲಿ ಒಂದು ರಾಗದ ಜೀವವನ್ನು ಹಿಂಡಿ ಕೊಡುವ ಕಲೆ 78ರ ಕಲೆ. ಅದೇ ಭೀಮಸೇನರು ಅರವತ್ತರ ದಶಕದಲ್ಲಿ ಎಲ್‌ಪಿಗಳಿಗೆ ಹಾಡಿದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು ಸಿಕ್ಕಿತು. ವಿಲಂಬಿತಕ್ಕೆ ಉಸಿರಾಡಲು ಜಾಗ ಬಂತು. ಆ ಜಾಗ ಎಲ್ಲಿಂದ ಬಂತು? ತಟ್ಟೆ ನಿಧಾನ ತಿರುಗಿತು, ಗೀರು ಸಣ್ಣದಾಯಿತು: 78ರಲ್ಲಿ ಇಂಚಿಗೆ ನೂರರಷ್ಟು ಗೀರುಗಳಾದರೆ ಎಲ್‌ಪಿಯಲ್ಲಿ ಇನ್ನೂರರಿಂದ ಮುನ್ನೂರು. ಎಲ್‌ಪಿಯ ಹೆಚ್ಚುಗಾರಿಕೆಯೆಲ್ಲ ಆ ಸಣ್ಣ ಗೀರಿನಲ್ಲಿದೆ, ಕಹಳೆಯ ಮುಳ್ಳು ಮೊದಲು ತುಳಿಯುವುದೂ ಅದನ್ನೇ. ಹೋಗಲಿ, ಗೀರು ಹೇಗೋ ಉಳಿಯಿತು ಎಂದುಕೊಂಡರೂ ಕೇಳುವುದೇನು? ಮೊಳ ಉದ್ದದ ಹಿತ್ತಾಳೆ ಕಹಳೆಗೆ ಕೆಳಗಿನ ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ. ಅದಕ್ಕೆ ಆಳೆತ್ತರದ ಕಹಳೆ ಬೇಕು. ತಬಲಾದ ಎಡದ ಗುಮಕಿ, ತಂಬೂರಿಯ ಖರಜ ಕಳಚಿಹೋಗುತ್ತವೆ. 1966ರ 'ಸಂಧ್ಯಾರಾಗ' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಕೂಡಿಸಿದ ಭೀಮಸೇನ, ಬಾಲಮುರಳಿಕೃಷ್ಣರ ಕಂಠಗಳನ್ನು ಅಂಥ ಕೊಳವೆಯಲ್ಲಿ ತುರುಕಿ ಕೇಳುವುದು ಯಾವ ಶುದ್ಧತೆಯೋ ತಿಳಿಯದು. ಆ ಹಾಡುಗಳು ಮೈಕ್ರೊಫೋನಿನ ಮುಂದೆ, ಕರೆಂಟಿನ ಯಂತ್ರಗಳಲ್ಲಿ ಮುದ್ರಣವಾದವು. ಕರೆಂಟನ್ನು ಕಲಬೆರಕೆ ಎನ್ನುವವರು ಆ ಕಲಬೆರಕೆ ಮದ್ರಾಸಿನ ಸ್ಟುಡಿಯೊದಲ್ಲೇ ನಡೆದುಹೋಗಿತ್ತು ಎಂಬುದನ್ನು ಮರೆತಿದ್ದಾರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಎಚ್‌ಎಂವಿ ಬಿಲ್ಲೆಯ ಚಿತ್ರದಲ್ಲಿ ನಾಯಿ ಯಜಮಾನನ ಶವಪೆಟ್ಟಿಗೆಯ ಮೇಲೆ ಕೂತು ಅವನ ದನಿ ಕೇಳುತ್ತಿದೆ ಎಂಬುದು ಕಟ್ಟುಕಥೆ. ಕಲಾವಿದ ಫ್ರಾನ್ಸಿಸ್ ಬರೋ ಆ ಚಿತ್ರ ಬರೆಯುವ ಮೊದಲೇ, 1895ರಲ್ಲಿ, ನಾಯಿಯೇ ತೀರಿಕೊಂಡಿತ್ತು. ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಹೊಳಪು ಬರುತ್ತದೆ ಎಂಬ ಬುದ್ಧಿವಾದವನ್ನು 78ರ ಮೇಲೆ ಪ್ರಯೋಗಿಸಿದವರು, ಬಡಗಿಗಳು ಪಾಲಿಶಿಗಾಗಿ ಸ್ಪಿರಿಟ್ಟಿನಲ್ಲಿ ಕರಗಿಸುವುದು ಅದೇ ಅರಗನ್ನು ಎಂದು ತಡವಾಗಿ ತಿಳಿಯುತ್ತಾರೆ. ವಿನೈಲ್ ಪ್ಲಾಸ್ಟಿಕ್ಕಾದ್ದರಿಂದ ಅದಕ್ಕೇನೂ ಆಗದು ಎಂದು ಪತ್ರಾಸಿನ ಕೆಳಗೆ ಇಡುವುದೂ ಬೇಡ. ಅರವತ್ತು ಡಿಗ್ರಿಯ ಹತ್ತಿರ ಅದು ಮೆತ್ತಗಾಗಿ ಬಾಗತೊಡಗುತ್ತದೆ, ನಮ್ಮ ಮೇ ತಿಂಗಳಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಆ ಸೆಖೆ ಸಲೀಸಾಗಿ ಹುಟ್ಟುತ್ತದೆ. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ಸೀಮೆಯಲ್ಲಿ ಧೂಳಿನ ವಿಚಾರ ಹೇಳುವುದೇ ಬೇಡ. ವಿನೈಲಿನ ಧ್ವನಿ ಅಖಂಡ, ಸಿಡಿಯದು ತುಂಡು ತುಂಡು ಎಂಬ ಮಾತು ಮಾತ್ರ ಓದಿದವರ ಬಾಯಲ್ಲೇ ಹೆಚ್ಚು. ಸೆಕೆಂಡಿಗೆ 44,100 ಸಲ ಅಳೆದ ಧ್ವನಿಯಿಂದ ಮನುಷ್ಯನ ಕಿವಿಗೆ ನಿಲುಕುವ ಅಷ್ಟೂ ಅಲೆಯನ್ನು ಮತ್ತೆ ಅಖಂಡವಾಗಿಯೇ ಕಟ್ಟಬಹುದು ಎಂಬುದು ಗಣಿತ; ಮೆಟ್ಟಿಲುಗಳು ಪಠ್ಯಪುಸ್ತಕದ ಚಿತ್ರದಲ್ಲಿ ಇರುತ್ತವೆ, ಸ್ಪೀಕರಿನಿಂದ ಬರುವುದಿಲ್ಲ. ಇತ್ತ ಎಲ್‌ಪಿಯ ಗೀರು ಒಳಕ್ಕೆ ಸಾಗಿದಂತೆ ಸುತ್ತಿನ ಉದ್ದ ಕಡಿಮೆಯಾಗಿ, ಕೊನೆಯ ಹಾಡಿನ ಸ್ಪಷ್ಟತೆ ಕುಂದುತ್ತದೆ. ಹಳೆಯ ಹಾಡಿನ ಸಿಡಿ ಎಷ್ಟೋ ಸಲ ಕೆಟ್ಟದಾಗಿ ಕೇಳಿಸುತ್ತದೆ, ಒಪ್ಪತಕ್ಕದ್ದೇ. ಅದು ಸಿಡಿಯ ದೋಷವಲ್ಲ. ಸವೆದ ಟೇಪಿನಿಂದ ಅವಸರದಲ್ಲಿ ಇಳಿಸಿಕೊಂಡವರ ದೋಷ. ತಟ್ಟೆಯನ್ನು ಇಷ್ಟಪಡಲು ಅದರ ಹೊದಿಕೆ, ಅದರ ತೂಕ, ಮಗ್ಗುಲು ಬದಲಿಸುವ ವ್ಯವಧಾನ, ಬೇರೆಲ್ಲೂ ಸಿಗದ ಹಾಡುಗಳು ಹೀಗೆ ಕಾರಣಗಳು ಸಾಕಷ್ಟಿವೆ. ಇಷ್ಟಕ್ಕೆ ಸುಳ್ಳು ಭೌತಶಾಸ್ತ್ರದ ಊರುಗೋಲು ಬೇಕಾಗಿಲ್ಲ.

ಬೆಲೆಯ ಭ್ರಮೆ ಮಾತ್ರ ಕಹಳೆಯ ಭ್ರಮೆಯ ಒಡಹುಟ್ಟು. ತಟ್ಟೆ ಹಳೆಯದಾದಷ್ಟೂ ಲಕ್ಷ ಲಕ್ಷ ಬಾಳುತ್ತದೆ ಎನ್ನುವವರು, ಜನಪ್ರಿಯ ಹಾಡಿನ ತಟ್ಟೆಗಳು ಹೆಚ್ಚೆಚ್ಚು ಒತ್ತಿದವು, ಹೆಚ್ಚೆಚ್ಚು ಸವೆದವು ಎಂಬ ಸರಳ ಲೆಕ್ಕವನ್ನು ಮಾಡುವುದಿಲ್ಲ. ಬೆಲೆ ಬರುವುದು ಅಪರೂಪಕ್ಕೆ ಮತ್ತು ಗೀರಿನ ಸ್ಥಿತಿಗೆ; ವಯಸ್ಸಿಗೆ ಅಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತಾರೆಂದು ಮನೆಯ ಹುಂಡಿ ಕೆಡವಿದವರು, ಅಕ್ಕಿ ಎಳೆಯುವ ತಾಮ್ರದ ಚೊಂಬಿಗೆ ಕೋಟಿ ಬರುತ್ತದೆಂದು ಹೊಲ ಅಡವಿಟ್ಟವರು, ಬಡಪಾಯಿ ಮಣ್ಣುಮುಕ್ಕ ಹಾವಿಗೆ ಎರಡು ತಲೆ ಕಂಡು ಚೀಲದಲ್ಲಿ ಹೊತ್ತು ತಿರುಗಿ ಪೊಲೀಸರ ಕೈಗೆ ಸಿಕ್ಕವರು ಎಲ್ಲರೂ ನಮ್ಮ ನಡುವಿನವರೇ. 2009ರಲ್ಲಿ ಸೌದಿ ಅರೇಬಿಯಾದ ಜನ ಸಿಂಗರ್ ಹೊಲಿಗೆ ಯಂತ್ರದೊಳಗೆ ಕೆಂಪು ಪಾದರಸ ಇದೆಯೆಂದು ಕಂಡಕಂಡ ಬೆಲೆ ಕೊಟ್ಟರು, ಹಾಗಾಗಿ ಇದು ನಮ್ಮ ಸೀಮೆಯ ಗುತ್ತಿಗೆಯೂ ಅಲ್ಲ. ಈ ಎಲ್ಲ ಪ್ರಕರಣಗಳಲ್ಲೂ ವಸ್ತು ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದು ಹೇಗೆ ಕಾಣುತ್ತದೆ, ಯಾರೋ ಎಷ್ಟು ಕೊಟ್ಟರಂತೆ ಎಂಬುದೇ ಸಾಕಾಗುತ್ತದೆ. ಕಹಳೆ ಥಳಥಳ ಹೊಳೆಯುತ್ತದೆ, ಪಿಕಪ್ಪು ಹೊಳೆಯುವುದಿಲ್ಲ. ಹಾಗಾಗಿ ಕಹಳೆಗೆ ಇಪ್ಪತ್ತು ಸಾವಿರ ಎಣಿಸಿದವರು ಸವೆದ ಸಫೈರ್ ಮುಳ್ಳು ಬದಲಿಸಲು ಎಂಟುನೂರು ರೂಪಾಯಿ ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ.

ಸಂದೂಕಿನಿಂದ ತೆಗೆದ ತಟ್ಟೆ ಯಾವುದೆಂದು ಪತ್ತೆಮಾಡಲು ಪಂಡಿತರು ಬೇಕಿಲ್ಲ. ನಡುವಿನ ಚೀಟಿಯಲ್ಲಿ 78, 45, 33⅓ ಎಂಬ ಅಂಕಿಗಳಲ್ಲಿ ಒಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಚೀಟಿ ಹರಿದುಹೋಗಿದ್ದರೆ ಎತ್ತಿ ನೋಡಿ: ಹತ್ತು ಇಂಚಿನದಾಗಿ, ಭಾರವಾಗಿ, ಒಂದಿಷ್ಟೂ ಬಳುಕದೆ, ಮಗ್ಗುಲಿಗೆ ಒಂದೇ ಹಾಡಿದ್ದರೆ ಅದು ಅರಗಿನದು, ಕೈ ಜಾರಿದರೆ ಪರಸಿಯ ಮೇಲೆ ಚೂರುಚೂರಾಗುತ್ತದೆ. ಏಳು ಇಂಚಿನದಾಗಿ ಮಗ್ಗುಲಿಗೆ ಎರಡೆರಡು ಹಾಡಿದ್ದರೆ ಇಪಿ. ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಈ ರೂಪದಲ್ಲೇ ಉಳಿದಿವೆ. ಅರಗಿನದನ್ನು ಚಾವಿ ಪೆಟ್ಟಿಗೆಯಲ್ಲಿ ಹಾಕುವ ಆಸೆಯಿದ್ದರೆ ಹಾಕಬಹುದು. ಆದರೆ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಇರಲಿ, ಇದ್ದ ಒಂದೇ ಪ್ರತಿಯನ್ನು ದಿನಾ ಅರೆಯುವುದು ಬೇಡ. ಒಮ್ಮೆ 78ರ ಮುಳ್ಳಿರುವ ಕರೆಂಟಿನ ಪ್ಲೇಯರಿನಿಂದ ಇಳಿಸಿಕೊಂಡು ಇಟ್ಟುಕೊಳ್ಳುವುದು ಜಾಣತನ. ಇಪಿ, ಎಲ್‌ಪಿಗಳಿಗೆ ಕರೆಂಟಿನ ಪ್ಲೇಯರೊಂದೇ ದಾರಿ. ಪಿಕಪ್ಪಿನ ಕಡ್ಡಿ 78ರ ಕಡೆ ತಿರುಗಿಲ್ಲ ಎಂದು ನೋಡಿಕೊಂಡೇ ಮುಳ್ಳನ್ನು ಇಳಿಸಬೇಕು. ಕಹಳೆಯನ್ನು ಆಗಲೇ ಕೊಂಡಾಗಿದ್ದರೆ ಪಡಸಾಲೆಯ ಮೂಲೆಯಲ್ಲಿ ಇರಲಿ, ಫೋಟೊಗೆ ಚೆನ್ನಾಗಿ ಬರುತ್ತದೆ.